ಅವ್ವ ಮೊದಲ ಸಲ ವಿಮಾನ ಹತ್ತಬೇಕು, ಮನೆಯಲ್ಲಿ ಎಲ್ಲರಿಗೂ ಭಯ. ತಿಳಿದವರು ಹೇಳಿ

ಸಿಂಧನೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಅಬುಧಾಬಿಯಲ್ಲಿದ್ದಾಳೆ. ಮುಂದಿನ ತಿಂಗಳು ಹೆರಿಗೆ. ಬಾಣಂತನಕ್ಕೆ ಅವ್ವ ಹೋಗಬೇಕು. ಹೈದರಾಬಾದಿನಿಂದ ಟಿಕೆಟ್ ನೋಡಿದ್ದೇವೆ, ಇನ್ನೂ ತೆಗೆದಿಲ್ಲ. ಅಹಮದಾಬಾದಿನಲ್ಲಿ ವಿಮಾನ ಬಿದ್ದ ಆ ವಿಡಿಯೊ ನೋಡಿದ ದಿನದಿಂದ ಅಪ್ಪ ಒಪ್ಪುತ್ತಿಲ್ಲ. ಅವ್ವಗೆ ಹೋಗುವ ಆಸೆ ಇದೆ, ಆದರೆ ರಾತ್ರಿ ನಿದ್ದೆ ಮಾಡುತ್ತಿಲ್ಲ. ಬಿಪಿ ಇದೆ, ಮೊಣಕಾಲು ನೋವು ಇದೆ. ವಿಮಾನ ಹತ್ತಿರದಿಂದ ನೋಡಿದವರೇ ಅಲ್ಲ.

ಸುಮ್ನೆ ಧೈರ್ಯ ಹೇಳುವುದು ಬೇಡ. ಒಳಗೆ ಏನು ನಡೆಯುತ್ತದೆ, ಯಾರು ತಪಾಸಣೆ ಮಾಡುತ್ತಾರೆ, ಇಂಜಿನ್ ನಿಂತರೆ ಏನು, ಇದನ್ನು ಗೊತ್ತಿರುವವರು ಹೇಳಿದರೆ ಅಪ್ಪನಿಗೆ ಓದಿ ಹೇಳುತ್ತೇನೆ.

ಗಂಗಾವತಿ ಭತ್ತ

ಮೇಷ್ಟ್ರೇ, 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರ ಸಾರಿಗೆ ಇಲಾಖೆಯದೇ ಲೆಕ್ಕ. ಅದರ ಮುಂದಿನ ವರ್ಷ, ಅಂದರೆ 2023ರಲ್ಲಿ, ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಯಾಟಾದ ವರದಿ ಪ್ರಕಾರ ಇಡೀ ಜಗತ್ತಿನಲ್ಲಿ ಪ್ರಯಾಣಿಕರ ಜೆಟ್ ವಿಮಾನದ ಅಪಘಾತದಲ್ಲಿ ಒಂದೂ ಸಾವು ಇಲ್ಲ. ಆ ವರ್ಷ ಬಿದ್ದಿದ್ದು ನೇಪಾಳದ ಪೊಖರಾದಲ್ಲಿ ಒಂದು ಫ್ಯಾನ್ (ಪ್ರೊಪೆಲರ್) ವಿಮಾನ, 72 ಜನ ಹೋದರು.

ನೀವು ಭಯ ಪಡಬೇಕಾದ್ದು ಸಿಂಧನೂರಿನಿಂದ ಶಂಶಾಬಾದ್ ವಿಮಾನ ನಿಲ್ದಾಣದ ತನಕ ಇರುವ ರಸ್ತೆಗೆ. ಎಲ್ಲರೂ ರಾತ್ರಿ ಊಟ ಮುಗಿಸಿ ಕಾರ್ ಹತ್ತುತ್ತಾರೆ. ಡ್ರೈವರ್ ಹಗಲೆಲ್ಲ ಬೇರೆ ಬಾಡಿಗೆ ಹೊಡೆದಿರುತ್ತಾನೆ. ಮಹಬೂಬ್‌ನಗರ ದಾಟುವ ಹೊತ್ತಿಗೆ ಅವನಿಗೆ ತೂಕಡಿಕೆ. ಹಗಲೇ ಹೋಗಿ, ಒಂದು ರಾತ್ರಿ ಹೈದರಾಬಾದಿನಲ್ಲಿ ಉಳಿದುಕೊಳ್ಳಿ.

ಮಾನ್ವಿ ಎಎಂಇ

ಊರು ಮಾನ್ವಿ ಹತ್ತಿರ. ಹೈದರಾಬಾದಿನಲ್ಲಿ ವಿಮಾನ ನಿರ್ವಹಣೆ ಇಂಜಿನಿಯರ್ ಆಗಿ ಕೆಲಸ ಮಾಡುತ್ತೇನೆ. ಕಂಪನಿ ಹೆಸರು ಹೇಳುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಮೇಷ್ಟ್ರೇ, ಆದರೂ ಓದಿ.

ವಿಮಾನ ಬಂದು ನಿಂತ ಕೂಡಲೇ ಸುತ್ತ ನಡೆದು ನೋಡುತ್ತೇವೆ. ಟೈರ್ ಸವೆದಿದೆಯಾ, ಬ್ರೇಕ್ ಎಷ್ಟು ಉಳಿದಿದೆ, ಇಂಜಿನ್ ಫ್ಯಾನಿನ ಬ್ಲೇಡಿಗೆ ಪೆಟ್ಟು ಬಿದ್ದಿದೆಯಾ, ಎಲ್ಲಾದರೂ ಎಣ್ಣೆ ಸೋರಿದೆಯಾ, ಹಕ್ಕಿ ಬಡಿದ ಗುರುತು ಇದೆಯಾ. ಪೈಲಟ್ ಕೂಡ ಬೇರೆಯಾಗಿ ಒಂದು ಸುತ್ತು ಹಾಕುತ್ತಾರೆ. ಏನೇ ದೋಷ ಕಂಡರೂ ಟೆಕ್ ಲಾಗ್ ಪುಸ್ತಕಕ್ಕೆ ಹತ್ತುತ್ತದೆ. ಒಮ್ಮೆ ಹತ್ತಿತು ಅಂದರೆ ಲೈಸೆನ್ಸ್ ಇರುವ ಇಂಜಿನಿಯರ್ ಅದಕ್ಕೆ ಉತ್ತರ ಬರೆದು ಸಹಿ ಹಾಕುವ ತನಕ ಆ ವಿಮಾನ ಹೊರಡುವಂತಿಲ್ಲ. ಯಾವ ಸಣ್ಣ ದೋಷ ಇಟ್ಟುಕೊಂಡು ಹಾರಬಹುದು, ಎಷ್ಟು ದಿನದೊಳಗೆ ಅದನ್ನು ಸರಿ ಮಾಡಲೇಬೇಕು ಅನ್ನುವುದಕ್ಕೂ ಪಟ್ಟಿ ಇದೆ. ನಮ್ಮ ಮನಸ್ಸಿಗೆ ಬಂದಂತೆ ತೀರ್ಮಾನ ಮಾಡುವ ಹಾಗಿಲ್ಲ.

ರೆಕ್ಕೆ, ಬಾಲದ ಕಂಟ್ರೋಲ್ ಬಿಚ್ಚಿ ಜೋಡಿಸಿದರೆ ಒಬ್ಬರ ಕಣ್ಣು ಸಾಕಾಗುವುದಿಲ್ಲ. ಎರಡನೆಯವರು ಬಂದು ಮೊದಲಿನಿಂದ ನೋಡಿ ಅವರೂ ಸಹಿ ಹಾಕಬೇಕು. ಕೆಲಸ ಮುಗಿದ ಮೇಲೆ ಟೂಲ್ ಎಣಿಸುತ್ತೇವೆ. ಒಂದು ಸ್ಪ್ಯಾನರ್ ಕಡಿಮೆ ಬಂದರೆ ಅದು ಸಿಗುವ ತನಕ ವಿಮಾನ ಬಿಡುವುದಿಲ್ಲ. ಪ್ರಯಾಣಿಕರಿಗೆ ಕೇಳಿಸುವುದು 'ತಾಂತ್ರಿಕ ಕಾರಣದಿಂದ ತಡ' ಅನ್ನುವ ಒಂದು ಮಾತು ಅಷ್ಟೇ. ಕೆಳಗೆ ನಾಲ್ಕು ಜನ ಟಾರ್ಚ್ ಹಿಡಿದು ಹುಡುಕುತ್ತಿರುತ್ತೇವೆ.

ಇಂಜಿನ್ ವಿಷಯ. ಅವ್ವ ಹೋಗುವ ವಿಮಾನಕ್ಕೆ ಎರಡು ಇಂಜಿನ್ ಇರುತ್ತವೆ. ರನ್‌ವೇ ಮೇಲೆ ಓಡುವಾಗಲೇ ಒಂದು ಹೋದರೂ ಉಳಿದ ಒಂದರಲ್ಲೇ ಮೇಲೆದ್ದು, ಸುತ್ತಿ ಬಂದು ಇಳಿಯಲು ಆಗಬೇಕು. ಆ ಲೆಕ್ಕ ಮಾಡಿಯೇ ಪ್ರತಿ ಸಲ ತೂಕ, ವೇಗ ಗೊತ್ತು ಮಾಡುತ್ತಾರೆ. ಎತ್ತರದಲ್ಲಿ ಎರಡೂ ನಿಂತರೂ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ತೇಲುತ್ತಾ ಇಳಿಯುತ್ತದೆ. 2001ರಲ್ಲಿ ಏರ್ ಟ್ರಾನ್ಸಾಟ್ ಕಂಪನಿಯ ಎ330 ವಿಮಾನ ಇಂಧನ ಸೋರಿ ಅಟ್ಲಾಂಟಿಕ್ ಸಮುದ್ರದ ಮೇಲೆ ಎರಡೂ ಇಂಜಿನ್ ಕಳೆದುಕೊಂಡಿತು. ಆಮೇಲೆ ನೂರು ಕಿಲೋಮೀಟರಿಗೂ ಜಾಸ್ತಿ ತೇಲಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಎಲ್ಲರೂ ಬದುಕಿದರು.

ಅಹಮದಾಬಾದಿನಲ್ಲಿ ಆ ಎತ್ತರವೇ ಇರಲಿಲ್ಲ. 2025ರ ಜೂನ್ 12ರಂದು ವಿಮಾನದಲ್ಲಿದ್ದ 242 ಜನರಲ್ಲಿ 241 ಜನ ಸತ್ತರು, ಕೆಳಗೆ ಇದ್ದವರು 19 ಜನ. ವಿಮಾನ ಅಪಘಾತಗಳ ತನಿಖೆ ಮಾಡುವ ಎಎಐಬಿಯ ಪ್ರಾಥಮಿಕ ವರದಿಯಲ್ಲಿ ಇರುವುದು ಇಷ್ಟು: ಮೇಲೆದ್ದ ಕೆಲವೇ ಸೆಕೆಂಡಿಗೆ ಎರಡೂ ಇಂಜಿನ್ನಿನ ಇಂಧನ ಸ್ವಿಚ್ ಒಂದು ಸೆಕೆಂಡಿನ ಅಂತರದಲ್ಲಿ 'ರನ್'ನಿಂದ 'ಕಟಾಫ್'ಗೆ, ಅಂದರೆ ಇಂಧನ ನಿಲ್ಲಿಸುವ ಕಡೆಗೆ, ಹೋಗಿವೆ. ಯಾಕೆ ಕಟ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದ್ದಾರೆ, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದ್ದಾರೆ. ಸ್ವಿಚ್ಚನ್ನು ಮತ್ತೆ 'ರನ್'ಗೆ ತಂದರೂ ಸಮಯ ಸಾಕಾಗಲಿಲ್ಲ. ಇದರ ಮೇಲೆ ಟಿವಿಯಲ್ಲಿ ಕೂತವರು ಯಾರು ಯಾರನ್ನೋ ಅಪರಾಧಿ ಮಾಡಿದರು. ಸತ್ತ ಪೈಲಟ್‌ಗಳಿಗೂ ಮನೆ ಇದೆ, ತಂದೆ ತಾಯಿ ಇದ್ದಾರೆ. ನನಗೆ ಅದು ಬಹಳ ನೋವು ಕೊಟ್ಟಿತು.

ಕೋಟೆ ಬಳ್ಳಾರಿ

ಎಎಂಇ ಸರ್, ನಿಮ್ಮ ಕೆಲಸದ ಮೇಲೆ ಗೌರವ ಇದೆ. ಆದರೆ ಕಂಪನಿಗಳನ್ನು ಅಷ್ಟು ನಂಬುವುದು ಬೇಡ. 2018ರ ಅಕ್ಟೋಬರ್‌ನಲ್ಲಿ ಲಯನ್ ಏರ್, 189 ಜನ. ಐದು ತಿಂಗಳು ಬಿಟ್ಟು ಇಥಿಯೋಪಿಯನ್, 157 ಜನ. ಎರಡೂ ಬೋಯಿಂಗ್ 737 ಮ್ಯಾಕ್ಸ್. ಎಂಕ್ಯಾಸ್ ಎನ್ನುವ ಸಾಫ್ಟ್‌ವೇರ್ ಒಂದೇ ಸೆನ್ಸರ್ ಮಾತು ಕೇಳಿ ಮೂಗನ್ನು ಕೆಳಕ್ಕೆ ಒತ್ತುತ್ತಿತ್ತು. ಹಾಗೊಂದು ಇದೆ ಅನ್ನುವುದನ್ನೇ ಪೈಲಟ್‌ಗಳಿಗೆ ಮೊದಲು ಹೇಳಿರಲಿಲ್ಲ. ತರಬೇತಿ ಖರ್ಚು ಉಳಿಸಬೇಕು ಅನ್ನುವ ಆಸೆ. ಆಮೇಲೆ 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನದಲ್ಲಿ ಬಾಗಿಲ ಜಾಗ ಮುಚ್ಚುವ ಪ್ಲಗ್ ಆಕಾಶದಲ್ಲೇ ಹಾರಿಹೋಯಿತು, ಬೋಲ್ಟ್‌ಗಳನ್ನೇ ಹಾಕಿರಲಿಲ್ಲ. ಎಲ್ಲ ಕಡೆ ಸಹಿ ಇದ್ದರೆ ಇದು ಹೇಗೆ ಆಯಿತು?

ಮಾನ್ವಿ ಎಎಂಇ

ಅಣ್ಣ, ನೀವು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮ್ಯಾಕ್ಸ್ ವಿಷಯ ನಮ್ಮ ಕೆಲಸದವರಿಗೆಲ್ಲ ಸಿಟ್ಟು ತರಿಸಿದ ವಿಷಯ. ಒಂದೇ ಸೆನ್ಸರ್ ನಂಬಿ ಇಂಥ ವ್ಯವಸ್ಥೆ ಮಾಡಬಾರದು ಅನ್ನುವುದು ನಾವು ಓದುವಾಗಲೇ ಕಲಿಯುವ ಪಾಠ. ಹಣದ ಒತ್ತಡ ಬಂದಾಗ ಆ ಪಾಠ ಹಿಂದೆ ಸರಿಯಿತು.

ಆದರೆ ಆಮೇಲೆ ಆಗಿದ್ದನ್ನೂ ನೋಡಿ. ಜಗತ್ತಿನ ಎಲ್ಲ ಮ್ಯಾಕ್ಸ್ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ನಮ್ಮ ದೇಶದಲ್ಲಿ 2019ರ ಮಾರ್ಚ್‌ನಲ್ಲಿ ನಿಂತವು, 2021ರ ಆಗಸ್ಟ್‌ನಲ್ಲಿ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಮತ್ತೆ ಬಿಟ್ಟಿತು. ಈಗ ಆ ಸಾಫ್ಟ್‌ವೇರ್ ಎರಡು ಸೆನ್ಸರ್ ಹೋಲಿಸಿ ನೋಡುತ್ತದೆ, ಪೈಲಟ್‌ಗೆ ಸಿಮ್ಯುಲೇಟರ್ ತರಬೇತಿ ಕಡ್ಡಾಯ.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯ ಬೋಯಿಂಗ್ 747, ಕಜಕಿಸ್ತಾನದ ಇಲ್ಯೂಷಿನ್ ಎರಡೂ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಆಕಾಶದಲ್ಲಿ ಎರಡು ವಿಮಾನ ಬಡಿದ ಅಪಘಾತಗಳಲ್ಲಿ ಅದೇ ದೊಡ್ಡದು. ಅದರ ನಂತರ ನಮ್ಮಲ್ಲಿ ಟಿಕ್ಯಾಸ್ ಕಡ್ಡಾಯವಾಯಿತು. ಎರಡು ವಿಮಾನ ಹತ್ತಿರ ಬಂದರೆ ಯಂತ್ರಗಳೇ ಮಾತಾಡಿಕೊಂಡು ಒಂದಕ್ಕೆ ಮೇಲೇರು, ಇನ್ನೊಂದಕ್ಕೆ ಇಳಿ ಎನ್ನುತ್ತವೆ. ಅವ್ವ ಹೋಗುವ ವಿಮಾನದಲ್ಲೂ ಅದು ಇದ್ದೇ ಇರುತ್ತದೆ.

ನನ್ನ ಮನಸ್ಸಿಗೆ ಬಹಳ ಹತ್ತಿರ ಇರುವುದು ಮಂಗಳೂರು. 2010ರ ಮೇ 22. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್. 158 ಜನ ಹೋದರು, 8 ಜನ ಉಳಿದರು. ವಿಮಾನ ಜಾಸ್ತಿ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬಂತು. ಸಹ ಪೈಲಟ್ 'ಗೋ ಅರೌಂಡ್', ಅಂದರೆ ಇಳಿಯದೆ ಮತ್ತೆ ಮೇಲೇರಿ, ಎಂದು ಮೂರು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ಮುಂದೆ ಕಣಿವೆ. ಕಿರಿಯರು ಹೇಳಿದ ಮಾತನ್ನು ಹಿರಿಯರು ಕೇಳಬೇಕು, ಕೇಳದಿದ್ದರೆ ಕಿರಿಯರು ಕಂಟ್ರೋಲ್ ಕೈಗೆ ತೆಗೆದುಕೊಳ್ಳಬೇಕು ಅನ್ನುವುದನ್ನು ಈಗ ಪೈಲಟ್‌ಗಳಿಗೆ ಪ್ರತಿ ವರ್ಷ ಕಲಿಸುತ್ತಾರೆ. ಆದ್ದರಿಂದ ಇಳಿಯಲು ಬಂದ ವಿಮಾನ ಮತ್ತೆ ಮೇಲೆದ್ದರೆ ಯಾರೂ ಗಾಬರಿ ಆಗಬೇಡಿ, ಬೈಯಲೂಬೇಡಿ. ಆ ಪೈಲಟ್ ಸರಿಯಾದ ಕೆಲಸ ಮಾಡಿದ್ದಾರೆ.

ಹೊಸಪೇಟೆ ಅಕ್ಕ

ನಾನು ಕೆಲವು ವರ್ಷ ಕ್ಯಾಬಿನ್ ಕ್ರೂ ಆಗಿದ್ದೆ. ಈಗ ಮಕ್ಕಳು ಮನೆ ಅಂತ ಹೊಸಪೇಟೆಯಲ್ಲೇ ಇದ್ದೇನೆ. ಮೇಷ್ಟ್ರೇ, ಅವ್ವನ ಪ್ರಯಾಣಕ್ಕೆ ನೇರ ಬೇಕಾಗುವ ವಿಷಯ ಹೇಳುತ್ತೇನೆ.

ಟಿಕೆಟ್ ತೆಗೆಯುವಾಗಲೇ ವೀಲ್‌ಚೇರ್ ಕೇಳಿ. ಕಡೆಗೆ ಎರಡು ದಿನ ಮುಂಚೆ ತಿಳಿಸಿ. ಮೊಣಕಾಲು ನೋವಿನವರು ಅಷ್ಟುದ್ದ ನಡೆಯುವುದು ಬೇಡ. ವೀಲ್‌ಚೇರ್ ತಳ್ಳುವವರೇ ಇಮಿಗ್ರೇಷನ್ ತನಕ ಕರೆದುಕೊಂಡು ಹೋಗುತ್ತಾರೆ. ಹೊಸಬರಿಗೆ, ಇಂಗ್ಲಿಷ್ ಹಿಂದಿ ಬಾರದವರಿಗೆ ಇದು ದೊಡ್ಡ ಆಸರೆ. ಬಿಪಿ ಮಾತ್ರೆ, ಡಾಕ್ಟರ್ ಚೀಟಿ ಎರಡೂ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗಿಗೆ ಹಾಕಿದರೆ ಬೇಕಾದಾಗ ಸಿಗುವುದಿಲ್ಲ.

ಇನ್ನು ಬಾಣಂತನದ ಸಾಮಾನು. ಇದನ್ನು ದಯವಿಟ್ಟು ಮರೆಯಬೇಡಿ. ಗಸಗಸೆ ಒಂದು ಚಮಚವೂ ಬೇಡ. ನಮ್ಮ ಕಡೆ ಅಂಟಿನ ಉಂಡಿಗೆ ಹಾಕುತ್ತೇವೆ, ಆದರೆ ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ, ಜೈಲು ಕಂಡವರಿದ್ದಾರೆ. ಉಂಡಿ ಗಸಗಸೆ ಇಲ್ಲದೆ ಕಟ್ಟಲಿ. ಒಣ ಕೊಬ್ಬರಿ ಬಟ್ಟಲು ಬ್ಯಾಗಿಗೆ ಹಾಕಬೇಡಿ. ಅದರಲ್ಲಿ ಎಣ್ಣೆ ಜಾಸ್ತಿ, ಬಿಸಿಗೆ ಹೊತ್ತಿಕೊಳ್ಳುವ ಸಾಮಾನು ಅಂತ ತೆಗೆದು ಹಾಕುತ್ತಾರೆ. ಉಪ್ಪಿನಕಾಯಿ, ಖಾರದ ಪುಡಿ ಕೈಚೀಲದಲ್ಲಿ ಬೇಡ, ಗಟ್ಟಿ ಪ್ಯಾಕ್ ಮಾಡಿ ದೊಡ್ಡ ಬ್ಯಾಗಿಗೆ. ಖಟಕ್ ರೊಟ್ಟಿ, ಶೇಂಗಾ ಉಂಡಿಗೆ ತೊಂದರೆ ಇಲ್ಲ. ಪವರ್ ಬ್ಯಾಂಕ್ ಇದ್ದರೆ ಅದು ಮಾತ್ರ ಕೈಚೀಲದಲ್ಲೇ ಇರಬೇಕು. ಬ್ಯಾಟರಿ ಹೊತ್ತಿಕೊಂಡರೆ ಕಣ್ಣೆದುರು ಇದ್ದಾಗ ಆರಿಸಬಹುದು, ಕೆಳಗಿನ ಸಾಮಾನಿನ ಗೂಡಿನಲ್ಲಿ ಆಗುವುದಿಲ್ಲ.

ಕೊನೆಗೆ ಒಂದು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕರಾವಳಿ ಪಡೆಯ ವಿಮಾನಕ್ಕೆ ಬಡಿದು ಬೆಂಕಿ ಹತ್ತಿತು. ಆ ಸಣ್ಣ ವಿಮಾನದಲ್ಲಿದ್ದ ಐದು ಜನ ಸತ್ತರು. ದೊಡ್ಡ ವಿಮಾನದ 379 ಜನರೂ ಹೊರಗೆ ಬಂದರು. ಕಾರಣ, ಸಾಮಾನು ಬಿಟ್ಟು ಬನ್ನಿ ಎಂದ ಕ್ರೂ ಮಾತನ್ನು ಜನ ಕೇಳಿದರು. ನಮ್ಮಲ್ಲಿ ವಿಮಾನ ನಿಲ್ಲುವ ಮೊದಲೇ ಎದ್ದು ಮೇಲಿನ ಬ್ಯಾಗ್ ಇಳಿಸುವವರನ್ನು ಎಷ್ಟು ನೋಡಿದ್ದೇನೆ! ಅರ್ಧ ಬಾಗಿಲು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯಬೇಕು ಅನ್ನುವ ಪರೀಕ್ಷೆ ಪಾಸಾದ ಮೇಲೆಯೇ ಆ ಮಾದರಿಯ ವಿಮಾನ ಪ್ರಯಾಣಿಕರ ಸೇವೆಗೆ ಬರುತ್ತದೆ. ಒಬ್ಬರು ಬ್ಯಾಗಿಗೆ ನಿಂತರೆ ಹಿಂದಿನ ಇಪ್ಪತ್ತು ಜನ ನಿಲ್ಲುತ್ತಾರೆ. ಅವ್ವಗೆ ಇದನ್ನು ಹೇಳಿ. ಪಾಸ್‌ಪೋರ್ಟ್, ಫೋನ್, ಮಾತ್ರೆ ಒಂದು ಸಣ್ಣ ಪರ್ಸಿನಲ್ಲಿ ಕೊರಳಿಗೆ ಹಾಕಿಕೊಂಡಿರಲಿ.

ಕುಷ್ಟಗಿ ಹುಡುಗ

ಅಕ್ಕ, 11ಎ ಸೀಟ್ ತೆಗೆದುಕೊಂಡರೆ ಒಳ್ಳೆಯದಾ? ಅಹಮದಾಬಾದಿನಲ್ಲಿ ಬದುಕಿದವರು ಅಲ್ಲೇ ಕೂತಿದ್ದರಲ್ಲ. ನಮ್ಮ ಕಡೆ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ.

ಹೊಸಪೇಟೆ ಅಕ್ಕ

ಇಲ್ಲಪ್ಪ. ಒಂದೊಂದು ವಿಮಾನದಲ್ಲಿ 11ಎ ಒಂದೊಂದು ಕಡೆ ಇರುತ್ತದೆ, ಬಾಗಿಲ ಪಕ್ಕ ಇರಬೇಕು ಅಂತೇನಿಲ್ಲ. ಎಲ್ಲಿ ಕೂತರೂ ಹತ್ತಿರದ ಬಾಗಿಲು ಎಷ್ಟು ಸಾಲು ಹಿಂದೆ, ಎಷ್ಟು ಸಾಲು ಮುಂದೆ ಅಂತ ಎಣಿಸಿ ನೆನಪಿಡು. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಕೈಯಿಂದ ಸೀಟ್ ಮುಟ್ಟಿ ಎಣಿಸಬಹುದು.

ಸಿಂಧನೂರು ಮೇಷ್ಟ್ರು

ಗಸಗಸೆ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ ಅಕ್ಕ, ಎಷ್ಟು ಉಪಕಾರ ಆಯಿತು ಅಂದರೆ ಹೇಳಲಾರೆ. ಎಎಂಇ ಅಣ್ಣ ಬರೆದದ್ದನ್ನು ಅಪ್ಪನಿಗೆ ಪೂರ್ತಿ ಓದಿದೆ. ಟಿಕೆಟ್ ತೆಗೆದಾಯಿತು. ಇನ್ನು ಎರಡು ಕೇಳುವುದಿದೆ. ವಿಮಾನ ಕುಲುಕಿದರೆ ಅಪಾಯವಾ? ಬಿಪಿ ಇರುವವರಿಗೆ ಮೇಲೆ ಉಸಿರಿಗೆ ತೊಂದರೆ ಆಗುತ್ತದಾ?

ಮಾನ್ವಿ ಎಎಂಇ

ಉಸಿರಿನದು ಮೊದಲು. ಹೊರಗೆ 35,000 ಅಡಿ ಇದ್ದರೂ ಒಳಗಿನ ಗಾಳಿಯ ಒತ್ತಡ ಕಡಿಮೆ ಎಂದರೂ 8,000 ಅಡಿ ಎತ್ತರದಲ್ಲಿ ಇರುವಷ್ಟು ಇರುತ್ತದೆ. ಅಂದರೆ ಊಟಿಗಿಂತ ಒಂದಿಷ್ಟು ಮೇಲೆ ಹೋದ ಹಾಗೆ. ಬಿಪಿ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿಕೊಂಡೇ ಹೋಗಲಿ. ಇಳಿಯುವಾಗ ಕಿವಿ ಕಟ್ಟುತ್ತದೆ, ಗುಟುಕು ನೀರು ಕುಡಿಯುತ್ತಿದ್ದರೆ ಬಿಡುತ್ತದೆ.

ಕುಲುಕುವುದರಿಂದ ರೆಕ್ಕೆ ಮುರಿಯುತ್ತದೆ ಅಂತ ಹೆದರುವುದು ಬೇಡ. ಸೇವೆಯಲ್ಲಿ ಬರಬಹುದಾದ ಅತಿ ಹೆಚ್ಚಿನ ಹೊರೆಯ ಒಂದೂವರೆ ಪಟ್ಟು ಹಾಕಿ ರೆಕ್ಕೆಯನ್ನು ಪರೀಕ್ಷೆ ಮಾಡುತ್ತಾರೆ. ಬೋಯಿಂಗ್ 787 ವಿಮಾನದ ಪರೀಕ್ಷೆಯಲ್ಲಿ ರೆಕ್ಕೆ ತುದಿ ಸುಮಾರು 25 ಅಡಿ ಮೇಲಕ್ಕೆ ಬಾಗಿತ್ತು, ಮುರಿಯಲಿಲ್ಲ. ಅಪಾಯ ಇರುವುದು ಬೆಲ್ಟ್ ಹಾಕದೆ ಕೂತವರಿಗೆ. 2024ರ ಮೇ ತಿಂಗಳಲ್ಲಿ ಸಿಂಗಪುರ ಏರ್‌ಲೈನ್ಸ್ ವಿಮಾನ ಜೋರಾಗಿ ಕುಲುಕಿ ಒಬ್ಬರು ತೀರಿಕೊಂಡರು, ಹಲವರು ಛಾವಣಿಗೆ ಬಡಿದು ಗಾಯಗೊಂಡರು. ಸೀಟಿನಲ್ಲಿ ಇದ್ದಷ್ಟು ಹೊತ್ತೂ ಬೆಲ್ಟ್ ಇರಲಿ, ಬೆಲ್ಟ್ ಹಾಕಿ ಎನ್ನುವ ದೀಪ ಆರಿದ್ದರೂ ಇರಲಿ.

ತೋರಣಗಲ್ಲು

ನಮ್ಮ ವಿದ್ಯಾನಗರದ ವಿಮಾನ ನಿಲ್ದಾಣದ ಬಗ್ಗೆ ಯಾರೂ ಮಾತಾಡಲಿಲ್ಲ. 2017ರಲ್ಲಿ ಉಡಾನ್ ಯೋಜನೆಯಲ್ಲಿ ಟ್ರೂಜೆಟ್ ಕಂಪನಿಯ ಎಟಿಆರ್ 72 ವಿಮಾನ ಬಂದಾಗ ನಮ್ಮೂರವರು ಫ್ಯಾನ್ ವಿಮಾನ ಎಂದು ಹತ್ತಲು ಹಿಂದೆಮುಂದೆ ನೋಡಿದರು. ಹಳೆಯ ಕಾಲದ್ದು ಅಂತ ಭಾವನೆ. ಪೊಖರಾದಲ್ಲಿ ಬಿದ್ದಿದ್ದೂ ಅದೇ ಎಟಿಆರ್ 72. ಫ್ಯಾನ್ ವಿಮಾನ ನಿಜಕ್ಕೂ ಕಡಿಮೆಯಾ?

ಇನ್ನೊಂದು, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆ ಬಿಸಿಲು ನಿಮಗೆಲ್ಲ ಗೊತ್ತು. ಅದರಿಂದ ವಿಮಾನಕ್ಕೆ ಏನೂ ಆಗುವುದಿಲ್ಲವಾ?

ಮಾನ್ವಿ ಎಎಂಇ

ಫ್ಯಾನ್ ಹೊರಗೆ ಕಂಡರೂ ಅದನ್ನು ತಿರುಗಿಸುವುದು ಜೆಟ್ ತರಹದ್ದೇ ಟರ್ಬೈನ್ ಇಂಜಿನ್. ಸಣ್ಣ ರನ್‌ವೇಗೆ, ಹತ್ತಿರದ ಊರಿಗೆ ಅದೇ ಸರಿ, ಇಂಧನವೂ ಕಡಿಮೆ ತಿನ್ನುತ್ತದೆ. ಪೊಖರಾದಲ್ಲಿ ತನಿಖೆ ಹೇಳಿದ್ದು, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಇಳಿಸುವ ಲಿವರ್ ಎಳೆಯುವ ಬದಲು ಎರಡೂ ಪ್ರೊಪೆಲರ್ ನಿಯಂತ್ರಿಸುವ ಲಿವರ್ ಎಳೆದುಬಿಟ್ಟರು, ಫ್ಯಾನ್‌ಗಳಿಗೆ ಎಳೆಯುವ ಶಕ್ತಿಯೇ ಹೋಯಿತು. ಇಂಜಿನ್ ಕೆಟ್ಟಿರಲಿಲ್ಲ.

ಬಿಸಿಲಿನ ಪ್ರಶ್ನೆ ಬಹಳ ಒಳ್ಳೆಯದು, ನಮ್ಮ ಕಡೆಯ ಜಿಲ್ಲೆಗಳಿಗೆ ಇದು ಮುಖ್ಯ. ಬಿಸಿ ಗಾಳಿ ತೆಳು. ರೆಕ್ಕೆಗೆ ಎತ್ತುವ ಬಲ ಕಡಿಮೆ, ಇಂಜಿನ್ನಿಗೆ ತಳ್ಳುವ ಬಲವೂ ಕಡಿಮೆ. ಹಾಗಾಗಿ ಜಾಸ್ತಿ ದೂರ ಓಡಬೇಕು, ಇಲ್ಲವೇ ತೂಕ ಇಳಿಸಬೇಕು. 2017ರ ಜೂನ್‌ನಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಬಿಸಿಲು 48 ಡಿಗ್ರಿ ಹತ್ತಿರ ಹೋದಾಗ ಸಣ್ಣ ಜೆಟ್‌ಗಳನ್ನು ರದ್ದು ಮಾಡಿದರು. ನಮ್ಮ 42, 43 ಡಿಗ್ರಿಗೆ ಹಾರಬಹುದು, ಆದರೆ ಲೆಕ್ಕ ಮಾಡಿ. ಬೇಸಿಗೆ ಮಧ್ಯಾಹ್ನ ಕೆಲವು ಸೀಟ್ ಖಾಲಿ ಬಿಟ್ಟರೆ, ಬ್ಯಾಗ್ ಮುಂದಿನ ವಿಮಾನಕ್ಕೆ ಬರುತ್ತದೆ ಎಂದರೆ ಕಾರಣ ಇದಾಗಿರಬಹುದು.

ಕೋಟೆ ಬಳ್ಳಾರಿ

ನಮ್ಮ ಬಳ್ಳಾರಿ ಊರಿಗೆ ಅಂತ ಚಾಗನೂರು, ಸಿರವಾರ ಕಡೆ ಜಮೀನು ತೆಗೆದುಕೊಂಡು ವರ್ಷಗಳೇ ಆದವು. ಬೆಳೆಯುವ ಭೂಮಿ ಹೋಯಿತು, ವಿಮಾನ ಬರಲಿಲ್ಲ. ನನಗೆ ಸುರಕ್ಷತೆಗಿಂತ ಮೊದಲು ಆ ರೈತರ ಮುಖ ನೆನಪಾಗುತ್ತದೆ.

ಶಕ್ತಿನಗರ

ರಾಯಚೂರಿಗೆ ಯರಮರಸ್ ಬಳಿ ಕೆಲಸ ನಡೆದಿದೆ. ಎಲ್ಲರೂ ಯಾವಾಗ ಶುರು, ಬೆಂಗಳೂರಿಗೆ ಟಿಕೆಟ್ ಎಷ್ಟು ಅಂತಲೇ ಕೇಳುತ್ತಾರೆ. ನನ್ನ ಚಿಂತೆ ಬೇರೆ. ಅದೇ ಯರಮರಸ್ ಭಾಗದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳಿವೆ. ಊರಿನ ಹೊರಗೆ ಕಸದ ಗುಡ್ಡೆ, ಮಾಂಸದ ಅಂಗಡಿ ತ್ಯಾಜ್ಯ, ಅದರ ಮೇಲೆ ಹದ್ದು, ಕೊಕ್ಕರೆ. ಸುತ್ತ ಕಾಲುವೆ ನೀರಿನ ಭತ್ತದ ಗದ್ದೆ. ಹಡ್ಸನ್ ನದಿಯಲ್ಲಿ 2009ರಲ್ಲಿ ಇಳಿದ ವಿಮಾನದ ಎರಡೂ ಇಂಜಿನ್ ಕೆಡಿಸಿದ್ದು ಹಕ್ಕಿಗಳೇ. ಅಲ್ಲಿ ನದಿ ಇತ್ತು, 155 ಜನರೂ ಉಳಿದರು. ನಾವು ಈಗಲೇ ಏನು ಕೇಳಬೇಕು?

ಮಾನ್ವಿ ಎಎಂಇ

ಇಂಥ ಪ್ರಶ್ನೆ ರಿಬ್ಬನ್ ಕತ್ತರಿಸುವ ಮೊದಲೇ ಬರಬೇಕು, ಅಣ್ಣ. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಹಕ್ಕಿ, ಪ್ರಾಣಿ ಸೇರುವ ಹಾಗೆ ಕಸ ಹಾಕುವುದು, ಬಯಲಲ್ಲಿ ಪ್ರಾಣಿ ಕಡಿಯುವುದು ತಪ್ಪು. 1937ರ ವಿಮಾನ ನಿಯಮಗಳ 91ನೇ ನಿಯಮದಲ್ಲೇ ಅದು ಇತ್ತು. ಅದನ್ನು ಪಾಲಿಸಬೇಕಾದ್ದು ನಗರಸಭೆಯವರು, ಪಂಚಾಯಿತಿಯವರು. ವಿಮಾನ ಬಂದ ಮೇಲೆ ಕಸದ ಜಾಗ ಬದಲಿಸಲು ಹೊರಟರೆ ಮೂರು ವರ್ಷ ಎಳೆಯುತ್ತದೆ.

ಎರಡನೆಯದು ಅಗ್ನಿಶಾಮಕ. ಎಟಿಆರ್ 72 ಉದ್ದ ಸುಮಾರು 27 ಮೀಟರ್, ಅಂತರರಾಷ್ಟ್ರೀಯ ಲೆಕ್ಕದಲ್ಲಿ ಐದನೇ ವರ್ಗದ ಅಗ್ನಿಶಾಮಕ ವ್ಯವಸ್ಥೆಗೆ ಬರುತ್ತದೆ. ವಾಹನ ರನ್‌ವೇಯ ಯಾವ ತುದಿಗಾದರೂ ಮೂರು ನಿಮಿಷದೊಳಗೆ ಮುಟ್ಟಬೇಕು. ವಾಹನ ಎಷ್ಟು, ತರಬೇತಿ ಪಡೆದ ಜನ ಎಷ್ಟು ಅಂತ ಕೇಳಿ. ಸುಟ್ಟ ಗಾಯಕ್ಕೆ ಹತ್ತಿರದ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇವೆ ಅನ್ನುವುದನ್ನೂ ಕೇಳಿ.

ಮೂರನೆಯದು ರನ್‌ವೇ ಮುಗಿದ ಮೇಲೆ ಬಿಡುವ ಸುರಕ್ಷಿತ ಜಾಗ. ಕನಿಷ್ಠ 90 ಮೀಟರ್, 240 ಇದ್ದರೆ ಒಳ್ಳೆಯದು. ಮಂಗಳೂರಿನಲ್ಲಿ ಇದ್ದದ್ದು 90. ಚಿಮಣಿಗಳ ಎತ್ತರದ ಅಳತೆ ನಡೆದಿರಲೇಬೇಕು, ಅದರ ಪ್ರತಿ ಕೇಳಿ.

ಹೊಸಪೇಟೆ ಅಕ್ಕ

ಇದರ ಜೊತೆಗೆ ಪೈಲಟ್‌ಗಳ ವಿಶ್ರಾಂತಿಯ ಮಾತೂ ಇರಲಿ. ವಾರದ ಬಿಡುವು 36 ಗಂಟೆಯಿಂದ 48 ಗಂಟೆಗೆ ಏರಿಸುವ ಹೊಸ ನಿಯಮ ಬಂದ ಮೇಲೆ, 2025ರ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದಾದವು. ಜನ ನಿಯಮವನ್ನೇ ಬೈದರು. ನಾನು ಬೆಳಗಿನ ಜಾವದ ಹಾರಾಟಗಳಲ್ಲಿ ಕೆಂಪು ಕಣ್ಣಿನ ಪೈಲಟ್‌ಗಳಿಗೆ ಕಾಫಿ ಕೊಟ್ಟವಳು. ಆ ನಿಯಮ ಬೇಕು. ಬೇಕಾದಷ್ಟು ಪೈಲಟ್‌ಗಳನ್ನು ಮೊದಲೇ ಸೇರಿಸಿಕೊಳ್ಳಬೇಕಾದ್ದು ಕಂಪನಿಯವರು.

ಶಕ್ತಿನಗರ

ಸರಿ. ಎಎಂಇ ಅಣ್ಣ ಹೇಳಿದ ನಾಲ್ಕೂ ಪ್ರಶ್ನೆ ಇಟ್ಟು ಆರ್‌ಟಿಐ ಅರ್ಜಿ ಬರೆಯುತ್ತೇನೆ. ಕಸದ ವಿಷಯ ಒಂದನ್ನು ಬೇರೆಯಾಗಿ ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಡೋಣ. ಯರಮರಸ್ ಸುತ್ತ ಹತ್ತು ಕಿಲೋಮೀಟರ್ ಒಳಗೆ ಎಲ್ಲೆಲ್ಲಿ ಕಸ ಸುರಿಯುತ್ತಾರೆ ಅಂತ ಗೊತ್ತಿರುವವರು ಜಾಗದ ಹೆಸರು, ಫೋಟೊ ಇಲ್ಲೇ ಹಾಕಿ. ಸೋಮವಾರದೊಳಗೆ ಬಂದರೆ ಅರ್ಜಿಗೆ ಸೇರಿಸುತ್ತೇನೆ.